ಯಾವ ಬೆರಳು ಅಂತ ಮೊದಲು ಹೇಳಿ: ಕೈಕಾಲಿನ ಪ್ರಶ್ನೆಗಳಿಗೆ ಮೂಳೆ ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರೆ ಹೆಚ್ಚು ಕಮ್ಮಿ ಎಲ್ಲವೂ ಕೈಕಾಲಿನವೇ. ಜೋಮು, ಉರಿ, ಉಳುಕು, ಮುರಿತ. "ಕೈ ಮರಗಟ್ಟುತ್ತೆ ಡಾಕ್ಟ್ರೇ" ಅಂತ ಎಲ್ಲರೂ ಬರೆಯುತ್ತಾರೆ. ಯಾವ ಬೆರಳು, ಅಂಗೈ ಕಡೆಯಾ ಹಿಂಬದಿಯಾ, ಪಾದದ ಒಳಬದಿಯಾ ಹೊರಬದಿಯಾ, ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಮಗೆ ಬೇಕಾಗಿರುವುದೇ ಅದು. ಒಂದೊಂದು ನರಕ್ಕೂ ಅದರದ್ದೇ ಚರ್ಮದ ಜಾಗ ಇದೆ, ಅದು ಅಲ್ಲಾಡಿಸುವ ಸ್ನಾಯುಗಳಿವೆ. ಆ ನರ ಮೂಳೆಗೆ ಅಂಟಿಕೊಂಡೋ ಚರ್ಮದ ಕೆಳಗೇ ಹಾದೋ ಪೆಟ್ಟು ತಿನ್ನುವ ಜಾಗಗಳು ಬೆರಳೆಣಿಕೆಯಷ್ಟು. ಜಾಗ ಸರಿಯಾಗಿ ಹೇಳಿದರೆ ಅರ್ಧ ಕಾಯಿಲೆ ಹೇಳಿದ ಹಾಗೆ. ಪತ್ರ ಓದಿ ಔಷಧಿ ಬರೆದುಕೊಡಲು ಆಗುವುದಿಲ್ಲ, ಅದು ನಿಮಗೂ ಗೊತ್ತಿದ್ದದ್ದೇ. ಇಲ್ಲಿ ಹೇಳುತ್ತಿರುವುದು ಒಳಗಡೆ ಏನಾಗುತ್ತಿರಬಹುದು, ಯಾವಾಗ ಓಡಬೇಕು, ಯಾವಾಗ ಸುಮ್ನೆ ಇರಬಹುದು ಅನ್ನುವುದನ್ನು.

ಪ್ರಶ್ನೆ: ನನಗೆ 46 ವರ್ಷ. ಬೀಡಿ ಕಟ್ಟುತ್ತೇನೆ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಎದ್ದು ಕೂತು ಕೈ ಕೊಡವಿದರೆ ಸರಿಹೋಗುತ್ತದೆ. ನರದ ಬಲಹೀನತೆ ಅಂತ ಹೇಳಿ ಸೂಜಿ ಕೊಟ್ಟರು, ಕಮ್ಮಿಯಾಗಲಿಲ್ಲ. ಹಾರ್ಟ್ ತೊಂದರೆ ಇರಬಹುದಾ?
(ಓದುಗರು, ಬಂಟ್ವಾಳ)

ಉತ್ತರ: ಇವತ್ತು ರಾತ್ರಿ ಎಚ್ಚರವಾದಾಗ ದೀಪ ಹಾಕಿ ಒಂದು ಕೆಲಸ ಮಾಡಿ. ಇನ್ನೊಂದು ಕೈಯ ಬೆರಳಿನಿಂದ ಒಂದೊಂದೇ ಬೆರಳು ಸವರಿ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿದ್ದು, ಉಂಗುರ ಬೆರಳಿನ ಅರ್ಧ ಭಾಗ ಮಾತ್ರ, ಅಂದರೆ ನಡುಬೆರಳಿನ ಕಡೆಯ ಬದಿ ಮಾತ್ರ ಜೋಮಾಗಿದ್ದು, ಕಿರುಬೆರಳು ಸರಿಯಾಗಿದ್ದರೆ ನಿಮ್ಮ ತೊಂದರೆ ಇರುವುದು ಮಣಿಕಟ್ಟಿನಲ್ಲಿ. ಇದಕ್ಕೆ ಕಾರ್ಪಲ್ ಟನೆಲ್ ಸಿಂಡ್ರೋಮ್ ಅನ್ನುತ್ತಾರೆ. ಮಣಿಕಟ್ಟಿನ ಸಣ್ಣ ಮೂಳೆಗಳು ಮೂರು ಕಡೆ ಗೋಡೆಯ ಹಾಗೆ ನಿಂತಿವೆ, ಮೇಲುಗಡೆ ಒಂದು ದಪ್ಪ ಪಟ್ಟಿ ಅಡ್ಡ ಬಿಗಿದಿದೆ. ಆ ಇಕ್ಕಟ್ಟಿನಲ್ಲಿ ಬೆರಳು ಮಡಿಸುವ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಂಥ ಒಂಬತ್ತು ಟೆಂಡನ್‌ಗಳು ಮತ್ತು ಮೀಡಿಯನ್ ನರ ಒಟ್ಟಿಗೆ ಹಾದುಹೋಗುತ್ತವೆ. ಬೆಳಗಿನ ಹೊತ್ತಿನ ಸಿಟಿ ಬಸ್ಸಿನಲ್ಲಿ ಒಂಬತ್ತು ಗಟ್ಟಿ ಆಳುಗಳ ಮಧ್ಯೆ ಒಂದು ಮಗು ನಿಂತಂತೆ. ಯಾರಿಗೆ ಸ್ವಲ್ಪ ಊತ ಬಂದರೂ ನುಜ್ಜಾಗುವುದು ಆ ನರವೇ.

ರಾತ್ರಿಯೇ ಯಾಕೆ ಜಾಸ್ತಿ ಅಂದರೆ, ಮಲಗಿದಾಗ ನಾವು ಗೊತ್ತಿಲ್ಲದೆ ಮಣಿಕಟ್ಟು ಮಡಿಸಿಕೊಳ್ಳುತ್ತೇವೆ, ಒಳಗಿನ ಒತ್ತಡ ಇನ್ನಷ್ಟು ಏರುತ್ತದೆ. ಕೈ ಕೊಡವಿದರೆ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮ ಗಮನಿಸಿ: ಬೆರಳು ಜೋಮಾದರೂ ಹೆಬ್ಬೆರಳಿನ ಬುಡದ ಅಂಗೈ ಚರ್ಮ ಸರಿಯಾಗಿಯೇ ಇರುತ್ತದೆ. ಅಲ್ಲಿಗೆ ಹೋಗುವ ಕವಲು ಮಣಿಕಟ್ಟಿಗಿಂತ ಮೊದಲೇ ಒಡೆದು ಆ ಪಟ್ಟಿಯ ಮೇಲೆ ಹಾದುಹೋಗಿರುತ್ತದೆ, ಕೆಳಗಲ್ಲ. ಅಂಗೈಯೂ ಜೋಮು, ಮುಂದೋಳಿನ ಹೊರಬದಿಯೂ ಜೋಮು, ಕುತ್ತಿಗೆ ತಿರುಗಿಸಿದರೆ ಜಾಸ್ತಿ ಅಂತಾದರೆ ಮಣಿಕಟ್ಟು ಬಿಟ್ಟು ಕುತ್ತಿಗೆ ನೋಡಬೇಕು.

ಹಾರ್ಟಿನ ನೋವು ಹೀಗೆ ಬೆರಳು ಆರಿಸಿಕೊಂಡು ಬರುವುದಿಲ್ಲ. ಮೆಟ್ಟಿಲು ಹತ್ತುವಾಗ ಎದೆ ಬಿಗಿದು ತೋಳಿಗೆ ಇಳಿದರೆ ಅದರ ಕಥೆ ಬೇರೆ, ಆಗ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಿಮಗೆ ಬೇಕಾಗಿರುವುದು ಸೂಜಿ ಅಲ್ಲ. "ನರಕ್ಕೆ ಶಕ್ತಿ" ಅಂತ ಕೊಡುವ ಕೆಂಪು ಬಣ್ಣದ ವಿಟಮಿನ್ ಇಂಜೆಕ್ಷನ್ ನಮ್ಮಲ್ಲಿ ಎಲ್ಲದಕ್ಕೂ ಪ್ರಸಾದದ ಹಾಗೆ ಸಿಗುತ್ತದೆ. ಬಿ12 ಕಮ್ಮಿಯಿದ್ದವರಿಗೆ ಅದು ಬೇಕು, ಸರಿ. ಆದರೆ ನರವನ್ನು ಹಿಸುಕುತ್ತಿರುವ ಪಟ್ಟಿ ಅದರಿಂದ ಸಡಿಲವಾಗುವುದಿಲ್ಲ. ಮಣಿಕಟ್ಟು ನೇರ ಇರುವ ಹಾಗೆ ಹಿಡಿಯುವ ಸ್ಪ್ಲಿಂಟ್ ರಾತ್ರಿ ಹಾಕಿಕೊಂಡು ಮಲಗಿ, ಕೆಲವು ವಾರ ನೋಡಿ. ಥೈರಾಯ್ಡ್ ಮತ್ತು ಶುಗರ್ ಪರೀಕ್ಷೆ ಮಾಡಿಸಿ, ಎರಡೂ ಇದಕ್ಕೆ ದಾರಿ ಮಾಡಿಕೊಡುತ್ತವೆ. ಗರ್ಭಿಣಿಯರಿಗೂ ಬರುತ್ತದೆ, ಹೆರಿಗೆಯಾದ ಮೇಲೆ ಬಹಳಷ್ಟು ಜನರಿಗೆ ತಾನಾಗಿ ಹೋಗುತ್ತದೆ. ಆದರೆ ಹೆಬ್ಬೆರಳಿನ ಬುಡದ ದಪ್ಪ ಮಾಂಸ ಇಳಿದು ಚಪ್ಪಟೆಯಾಗುತ್ತಿದ್ದರೆ, ಬೀಡಿ ಎಲೆ ಹಿಡಿದದ್ದು ಜಾರಿ ಬೀಳುತ್ತಿದ್ದರೆ ಕಾಯಬೇಡಿ. ಒಣಗಿದ ಸ್ನಾಯು ವಾಪಸ್ ಬರುವುದು ಕಷ್ಟ. ಆ ಪಟ್ಟಿಯನ್ನು ಕತ್ತರಿಸಿ ಬಿಡಿಸುವ ಆಪರೇಷನ್ ಚಿಕ್ಕದು, ಕೈಗಷ್ಟೇ ಮರಗಟ್ಟಿಸಿ ಮಾಡಬಹುದು.

ಪ್ರಶ್ನೆ: ಮೊಣಕೈ ಬಾಗಿಲಿಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಯಾಕೆ? ಮೂಳೆಯೊಳಗೆ ನರ ಇದೆಯಾ?
(ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಒಳಗಲ್ಲ, ಹಿಂದೆ. ಮೊಣಕೈ ಮಡಿಸಿ, ಒಳಬದಿಯ ಉಬ್ಬಿದ ಮೂಳೆ ಮುಟ್ಟಿ. ಅದರ ಹಿಂದಿನ ಸಂದಿಯಲ್ಲಿ ಬೆರಳು ಅಡ್ಡ ಆಡಿಸಿದರೆ ಒಂದು ದಾರ ಜಾರಿದ ಹಾಗೆ ಸಿಗುತ್ತದೆ. ಅದೇ ಅಲ್ನಾರ್ ನರ. ಮೇಲೆ ಚರ್ಮ, ಕೆಳಗೆ ಗಟ್ಟಿ ಮೂಳೆ, ಮಧ್ಯೆ ಮೆತ್ತೆ ಇಲ್ಲ. ಅದಕ್ಕೇ ತಾಗಿದರೆ ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಝುಂ ಅನ್ನುತ್ತದೆ. ಗಂಟೆಗಟ್ಟಲೆ ಮೊಣಕೈ ಮಡಿಸಿ ಫೋನ್ ಹಿಡಿದರೂ ಅದೇ ಎರಡು ಬೆರಳು ಜೋಮಾಗುತ್ತವೆ. ಫೋನ್ ಕೈ ಬದಲಿಸಿ, ಅಷ್ಟೇ.

ಈ ನರದ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು. ಕುಷ್ಠ ರೋಗದ ರೋಗಾಣುವಿಗೆ ಮೈಯ ತಣ್ಣಗಿನ ಜಾಗ ಇಷ್ಟ, ಚರ್ಮದ ಹತ್ತಿರ ಹಾಯುವ ನರಗಳು ಅದಕ್ಕೆ ಸುಲಭದ ತುತ್ತು. ಮೊಣಕೈ ಹಿಂದಿನ ಈ ನರವೂ ಅದಕ್ಕೇ ದಪ್ಪವಾಗುತ್ತದೆ, ಮುಟ್ಟಿದರೆ ಹಗ್ಗದ ಹಾಗೆ ಸಿಗುತ್ತದೆ. ಆಮೇಲೆ ಕಿರುಬೆರಳು, ಉಂಗುರ ಬೆರಳು ಮಡಿಸಿಕೊಂಡು ಕೈ ಉಗುರು ಚಾಚಿದ ಪಂಜದಂತೆ ಆಗುತ್ತದೆ. ಹೀಗೆ ಸೊಟ್ಟಗಾದ ಕೈಗಳಿಗೆ ಚೆನ್ನಾಗಿರುವ ಇನ್ನೊಂದು ಸ್ನಾಯುವಿನ ಟೆಂಡನ್ ತಿರುಗಿಸಿ ಹೊಲಿದು ಮತ್ತೆ ಕೆಲಸಕ್ಕೆ ಹಚ್ಚುವ ಆಪರೇಷನ್‌ಗಳನ್ನು ಡಾ. ಪಾಲ್ ಬ್ರ್ಯಾಂಡ್ ಬೆಳೆಸಿದ್ದು ಇಲ್ಲೇ ಪಕ್ಕದ ವೆಲ್ಲೂರಿನಲ್ಲಿ, 1940ರ ದಶಕದ ಕೊನೆಯಲ್ಲಿ. ಅವರಿಗಿಂತ ಮೊದಲು ಆ ಕೈಗಳನ್ನು ಮುಟ್ಟುವವರೇ ಕಮ್ಮಿಯಿದ್ದರು. ದೇಶದ ಮಟ್ಟದಲ್ಲಿ ಈ ರೋಗ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿದದ್ದು 2005ರಲ್ಲಿ, ಆದರೆ ಪೂರ್ತಿ ಹೋಗಿಲ್ಲ. ಮೈ ಮೇಲೆ ಸ್ಪರ್ಶ ಗೊತ್ತಾಗದ ಬಿಳಿಚಿದ ಅಥವಾ ಕೆಂಪು ಮಚ್ಚೆ ಇದ್ದು, ಜೊತೆಗೆ ಕಿರುಬೆರಳು ಜೋಮು ಇದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತ, 6 ತಿಂಗಳೋ 12 ತಿಂಗಳೋ ತೆಗೆದುಕೊಂಡರೆ ವಾಸಿ.

ಪ್ರಶ್ನೆ: ಆರು ವರ್ಷದ ಮಗ ಸೀಬೆ ಮರದಿಂದ ಬಿದ್ದು ಮೊಣಕೈ ಹತ್ತಿರ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ತಂತಿ ಹಾಕಿದರು, ಈಗ ಚೆನ್ನಾಗಿದ್ದಾನೆ. ಆದರೆ ಮನೆಯಲ್ಲಿ ಅತ್ತೆಯವರು "ನಾಟಿ ಕಟ್ಟು ಹಾಕಿಸಿದ್ದರೆ ಸಾಕಿತ್ತು, ಮಗುವಿಗೆ ಸುಮ್ನೆ ಆಪರೇಷನ್ ಮಾಡಿಸಿದ್ರಿ" ಅಂತ ಈಗಲೂ ಅನ್ನುತ್ತಾರೆ. ನಾವು ಮಾಡಿದ್ದು ತಪ್ಪಾ?
(ಓದುಗರು, ಅರಸೀಕೆರೆ)

ಉತ್ತರ: ತಪ್ಪಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ, ಸಿಟ್ಟು ಮಾಡಿಕೊಳ್ಳದೆ. ಅವರು ಹೇಳುವುದರಲ್ಲಿ ಒಂದು ನಿಜ ಇದೆ: ಮಕ್ಕಳ ಮೂಳೆ ಹೇಗಿಟ್ಟರೂ ಕೂಡಿಕೊಳ್ಳುತ್ತದೆ. ಇಲ್ಲಿ ಭಯ ಇದ್ದದ್ದು ಮೂಳೆಯ ಬಗ್ಗೆ ಅಲ್ಲ.

ಮಗು ಕೈ ಊರಿಕೊಂಡು ಬಿದ್ದಾಗ ತೋಳಿನ ಮೂಳೆ ಮೊಣಕೈಗಿಂತ ಸ್ವಲ್ಪ ಮೇಲೆ, ಅದು ಚಪ್ಪಟೆಯಾಗಿ ತೆಳ್ಳಗಾಗುವ ಜಾಗದಲ್ಲಿ ಮುರಿಯುತ್ತದೆ. ಕೆಳಗಿನ ತುಂಡು ಹಿಂದಕ್ಕೆ ಹೋಗುತ್ತದೆ. ಮೇಲಿನ ತುಂಡಿನ ಚೂಪು ತುದಿ ಮುಂದಕ್ಕೆ ಬರುತ್ತದೆ. ಸರಿಯಾಗಿ ಅದರ ಮುಂದೆಯೇ ಕೈಗೆ ರಕ್ತ ಕೊಡುವ ಬ್ರೇಕಿಯಲ್ ಆರ್ಟರಿ ಮತ್ತು ಆಗಲೇ ಹೇಳಿದ ಮೀಡಿಯನ್ ನರ ಇವೆ. ಅಷ್ಟು ಜಾಗದಲ್ಲಿ ಊತ ಬಂದಿರುವಾಗ ಮೊಣಕೈ ಪೂರ್ತಿ ಮಡಿಸಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ? ರಕ್ತ ನಿಲ್ಲುತ್ತದೆ. ಮುಂದೋಳಿನ ಸ್ನಾಯು ರಕ್ತವಿಲ್ಲದೆ ಹೆಚ್ಚೆಂದರೆ ಐದಾರು ಗಂಟೆ ತಡೆಯುತ್ತದೆ, ಆಮೇಲೆ ಸಾಯುತ್ತದೆ. ಸತ್ತ ಸ್ನಾಯು ಮುಂದೆ ಗಂಟುಕಟ್ಟಿ ಕುಗ್ಗಿ, ಮಣಿಕಟ್ಟನ್ನೂ ಬೆರಳುಗಳನ್ನೂ ಒಳಕ್ಕೆ ಎಳೆದುಬಿಡುತ್ತದೆ. ಜರ್ಮನಿಯ ಸರ್ಜನ್ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲಿ ಇದನ್ನು ವಿವರಿಸಿದರು. ಬಿಗಿ ಕಟ್ಟಿನಿಂದ ಹೀಗಾಗುತ್ತದೆ ಅಂತ ಅವರು ಅವತ್ತೇ ಹೇಳಿದ್ದರು. ಮೂಳೆ ನೆಟ್ಟಗೆ ಕೂಡಿಕೊಂಡು ಕೈ ಮಾತ್ರ ಕೆಲಸಕ್ಕೆ ಬಾರದ ಮಕ್ಕಳು ನಮ್ಮ ಹಳ್ಳಿಗಳಿಂದ ಇವತ್ತಿಗೂ ಬರುತ್ತಾರೆ. ಅಂಥ ಕೈಯಲ್ಲಿ ಪೆನ್ಸಿಲ್ ಹಿಡಿಯಬೇಕಾದರೆ ಮಗು ಮೊದಲು ಮಣಿಕಟ್ಟನ್ನು ಇನ್ನಷ್ಟು ಕೆಳಗೆ ಬಗ್ಗಿಸುತ್ತದೆ, ಆಗ ಮಾತ್ರ ಬೆರಳು ಸ್ವಲ್ಪ ಬಿಚ್ಚುತ್ತದೆ, ಆ ಸಂದಿಯಲ್ಲಿ ಇನ್ನೊಂದು ಕೈಯಿಂದ ಪೆನ್ಸಿಲ್ ತುರುಕಿಕೊಳ್ಳುತ್ತದೆ.

ತಂತಿ ಹಾಕಿದ್ದು ಯಾಕೆ ಅಂದರೆ, ಎರಡು ಮೂರು ಸಣ್ಣ ತಂತಿ ಮೂಳೆಯನ್ನು ಹಿಡಿದುಕೊಂಡರೆ ಮೊಣಕೈಯನ್ನು ಜಾಸ್ತಿ ಮಡಿಸಿ ಇಡುವ ಅಗತ್ಯ ಬೀಳುವುದಿಲ್ಲ. ಜಾಸ್ತಿ ಮಡಿಸದಿದ್ದರೆ ರಕ್ತ ಸರಾಗ ಹರಿಯುತ್ತದೆ. ಮೂರು ನಾಲ್ಕು ವಾರಕ್ಕೆ ತಂತಿ ಎಳೆದು ತೆಗೆಯುತ್ತಾರೆ. ಅಷ್ಟೇ ವಿಷಯ.

ನಾಟಿ ಕಟ್ಟುವವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಕೈ ಸವರಿ ಮುರಿತ ಕಂಡುಹಿಡಿಯುವುದರಲ್ಲಿ ಕೆಲವರು ನಿಜಕ್ಕೂ ಪಳಗಿದವರು. ಆದರೆ ಮಕ್ಕಳ ಮೊಣಕೈ ಅವರ ಹತ್ತಿರ ಹೋಗಬಾರದು. ಇದರಲ್ಲಿ ರಾಜಿ ಇಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಕೂಡ ಬಿಗಿಯಾದರೆ ಇದೇ ಕೆಲಸ ಮಾಡುತ್ತದೆ, ಅದರ ಮೇಲೂ ಕಣ್ಣಿಡಬೇಕು. ಮನೆಗೆ ಬಂದ ಮೇಲೆ ನೋವಿನ ಔಷಧಿ ಕೊಟ್ಟರೂ ಮಗು ನೋವಿಗೆ ಹೊರಳಾಡುತ್ತಿದೆಯಾ? ಮಡಿಸಿಕೊಂಡ ಬೆರಳನ್ನು ನೀವು ಮೆಲ್ಲಗೆ ಬಿಡಿಸಲು ಹೋದರೆ ಕಿರುಚುತ್ತದಾ? ಎರಡಕ್ಕೂ ಹೌದು ಅಂದರೆ ಬೆಳಗಾಗಲಿ ಅಂತ ಕಾಯಬಾರದು. ನಾಡಿ ಸಿಗುತ್ತಿದೆ, ಬೆರಳು ಬೆಚ್ಚಗಿದೆ ಅಂತ ಸಮಾಧಾನ ಮಾಡಿಕೊಳ್ಳಲೂಬಾರದು. ಒಳಗೆ ಸ್ನಾಯು ಸಾಯುತ್ತಿರುವಾಗಲೂ ನಾಡಿ ಸಿಗಬಹುದು, ಅದು ನಿಂತ ಮೇಲೆ ಓಡಿದರೆ ತಡವಾಗಿರುತ್ತದೆ. ಕಟ್ಟನ್ನು ಚರ್ಮ ಕಾಣುವವರೆಗೆ, ಒಳಗಿನ ಹತ್ತಿಯ ಪದರವೂ ಸೇರಿ, ಬಿಡಿಸಲೇಬೇಕು. ಆಸ್ಪತ್ರೆ ದೂರ ಇದ್ದರೆ ಫೋನಿನಲ್ಲಿ ಡಾಕ್ಟರನ್ನು ಕೇಳಿಕೊಂಡು ದಾರಿಯಲ್ಲೇ ಬಿಡಿಸಿ. ಮೂಳೆ ಜರುಗಿದರೆ ಮತ್ತೆ ಕೂರಿಸಬಹುದು.

ಪ್ರಶ್ನೆ: ಎರಡೂವರೆ ವರ್ಷದ ಮಗಳನ್ನು ಅವಳ ಮಾವ ಕೈ ಹಿಡಿದು ಉಯ್ಯಾಲೆ ಆಡಿಸಿದ. ಆಮೇಲೆ ಎಡಗೈ ಎತ್ತಲೇ ಇಲ್ಲ. ಡಾಕ್ಟರು ಏನೋ ಒಂದು ಸಲ ತಿರುಗಿಸಿದರು, ಐದು ನಿಮಿಷಕ್ಕೆ ಬಿಸ್ಕತ್ತು ತೆಗೆದುಕೊಂಡಳು. ಏನಿದು ಮ್ಯಾಜಿಕ್?
(ಓದುಗರು, ದಾವಣಗೆರೆ)

ಉತ್ತರ: ಮುಂದೋಳಿನ ಹೊರಬದಿಯ ಮೂಳೆಯ ತಲೆಯನ್ನು ಒಂದು ಉಂಗುರದಂಥ ಪಟ್ಟಿ ಹಿಡಿದುಕೊಂಡಿರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಸಡಿಲ. ಜೋರಾಗಿ ಎಳೆದರೆ ಮೂಳೆಯ ತಲೆ ಅದರಿಂದ ನುಣುಚಿಕೊಳ್ಳುತ್ತದೆ, ಪಟ್ಟಿ ಕೀಲಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸರಿಯಾಗಿ ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಐದು ವರ್ಷ ದಾಟಿದ ಮೇಲೆ ಅಪರೂಪ. ಯೂಟ್ಯೂಬ್ ನೋಡಿ ಮನೆಯಲ್ಲಿ ತಿರುಗಿಸಬೇಡಿ, ಮುರಿತ ಇದ್ದರೆ ಕಷ್ಟ. ಮಾವನಿಗೆ ಹೇಳಿ, ಎತ್ತುವುದಾದರೆ ಕಂಕುಳ ಕೆಳಗೆ ಕೈ ಹಾಕಿ ಎತ್ತಲಿ.

ಪ್ರಶ್ನೆ: ಬೈಕಿನಿಂದ ಬಿದ್ದೆ. ಮಣಿಕಟ್ಟು ನೋವು. ಎಕ್ಸ್‌ರೇ ನಾರ್ಮಲ್, ಉಳುಕು ಅಂದರು. ಒಂದು ತಿಂಗಳಾಯಿತು, ಬೈಕಿನ ಎಕ್ಸಲರೇಟರ್ ತಿರುಗಿಸಿದರೆ ಜೀವ ಹೋಗುತ್ತದೆ.
(ಡೆಲಿವರಿ ಕೆಲಸ ಮಾಡುವ ಯುವಕ, ಬೆಂಗಳೂರು)

ಉತ್ತರ: ಹೆಬ್ಬೆರಳನ್ನು ಚೆನ್ನಾಗಿ ಹಿಂದಕ್ಕೆ ಚಾಚಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ದಾರದಂಥ ಟೆಂಡನ್ ಎದ್ದು ನಿಂತು ಮಧ್ಯೆ ಒಂದು ಗುಣಿ ಬೀಳುತ್ತದೆ. ಹಳೆಯ ಕಾಲದವರು ನಶ್ಯ ಇಟ್ಟು ಏರಿಸುತ್ತಿದ್ದ ಗುಣಿ ಅದು. ಅಲ್ಲಿ ಒತ್ತಿ. ನೋವು ಸರಿಯಾಗಿ ಅಲ್ಲೇ ಇದೆಯಾ? ಹಾಗಾದರೆ ನಾಳೆಯೇ ಮತ್ತೆ ಎಕ್ಸ್‌ರೇ ತೆಗೆಸಿ, ಸಾಧ್ಯವಾದರೆ ಎಂಆರ್‌ಐ.

ಆ ಗುಣಿಯ ತಳದಲ್ಲಿ ಸ್ಕಾಫಾಯ್ಡ್ ಅನ್ನುವ ಗೋಡಂಬಿ ಗಾತ್ರದ ಮೂಳೆ ಇದೆ. ಅದು ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಗುಣಿಯಲ್ಲಿ ನೋವಿದ್ದರೆ ಎಕ್ಸ್‌ರೇ ಏನೇ ಹೇಳಲಿ, ಮುರಿದಿದೆ ಅಂತಲೇ ತಿಳಿದು ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯುವುದು ರೂಢಿ. ನಿಮಗೆ ಆ ಎರಡನೇ ಎಕ್ಸ್‌ರೇ ತಪ್ಪಿಹೋಗಿದೆ. ಈ ಮೂಳೆಗೆ ರಕ್ತ ಬರುವ ದಾರಿಯೇ ವಿಚಿತ್ರ. ಬೆರಳಿನ ಕಡೆಯಿಂದ ಒಳಹೊಕ್ಕು ಹಿಂದಕ್ಕೆ, ಮುಂದೋಳಿನ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತವೇ ಇಲ್ಲ. ಅದು ಕೂಡಿಕೊಳ್ಳದೆ ಉಳಿಯಬಹುದು, ಒಣಗಿ ಸಾಯಲೂಬಹುದು. ಆಮೇಲೆ ಕೆಲವು ವರ್ಷಕ್ಕೆ ಮಣಿಕಟ್ಟೇ ಸವೆಯುತ್ತದೆ. ನಿಮ್ಮ ಹೊಟ್ಟೆಪಾಡು ಆ ಬಲಗೈ ಮೇಲಿದೆ. ರಜೆ ಸಿಗುವುದಿಲ್ಲ ಅಂತ ಗೊತ್ತು, ಆದರೂ ಇದನ್ನು ಎಳೆಯಬೇಡಿ.

ಪ್ರಶ್ನೆ: ಕಡಲೆಕಾಯಿ ಹೊಲದಲ್ಲಿ ದಿನವೆಲ್ಲ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದೆ. ಸಂಜೆ ಎದ್ದರೆ ಬಲಪಾದ ಮೇಲಕ್ಕೆ ಎತ್ತಲು ಆಗುತ್ತಿಲ್ಲ. ಚಪ್ಪಲಿ ಜಾರುತ್ತದೆ. ಪಾರ್ಶ್ವವಾಯು ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.
(ರೈತ ಮಹಿಳೆ, ಪಾವಗಡ)

ಉತ್ತರ: ಮುಖ ಸೊಟ್ಟಗಾಗಿಲ್ಲ, ಮಾತು ತೊದಲುತ್ತಿಲ್ಲ, ಕೈ ಸರಿಯಿದೆ, ಪಾದ ಮಾತ್ರ ಎತ್ತಲು ಆಗುತ್ತಿಲ್ಲ ಅಂದರೆ ಪಾರ್ಶ್ವವಾಯು ಆಗಿರುವ ಸಂಭವ ಕಮ್ಮಿ. ಆದರೂ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗುಂಡಗಿನ ಮೂಳೆ ಕೈಗೆ ಸಿಗುತ್ತದಲ್ಲ, ಅದರ ಕತ್ತಿನ ಸುತ್ತ ಒಂದು ನರ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಕಾಮನ್ ಪೆರೋನಿಯಲ್ ನರ. ಪಾದ ಮತ್ತು ಬೆರಳು ಮೇಲೆತ್ತುವ ಸ್ನಾಯುಗಳೆಲ್ಲ ಇದರ ಕೈಯಲ್ಲಿವೆ. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂತರೆ ಅದು ನುಜ್ಜಾಗುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವವರಿಗೂ, ಕಾಯಿಲೆಯಿಂದ ತೂಕ ಇಳಿದು ಆ ಜಾಗದ ಕೊಬ್ಬು ಕರಗಿದವರಿಗೂ, ಬಿಗಿ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಹೀಗೇ ಆಗುತ್ತದೆ.

ಸೊಂಟದ ನರ ಒತ್ತಿದರೂ ಪಾದ ಬೀಳಬಹುದು. ಆಗ ಸಾಮಾನ್ಯವಾಗಿ ಸೊಂಟದಿಂದ ಕಾಲಿನುದ್ದಕ್ಕೂ ನೋವು ಇಳಿದಿರುತ್ತದೆ, ಪಾದವನ್ನು ಒಳಕ್ಕೆ ತಿರುಗಿಸುವ ಶಕ್ತಿಯೂ ಹೋಗಿರುತ್ತದೆ. ನಿಮಗೆ ಒಳಕ್ಕೆ ತಿರುಗಿಸಲು ಬಂದು, ಮೇಲೆತ್ತಲು ಮತ್ತು ಹೊರಕ್ಕೆ ತಿರುಗಿಸಲು ಮಾತ್ರ ಬಾರದಿದ್ದರೆ ಮಂಡಿಯ ಹತ್ತಿರದ್ದೇ. ಬಹಳಷ್ಟು ಜನರಿಗೆ ಕೆಲವು ವಾರದಿಂದ ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಳ್ಳಿ, ಇಲ್ಲದಿದ್ದರೆ ಎಡವಿ ಬೀಳುತ್ತೀರಿ. ಕಳೆ ತೆಗೆಯುವಾಗ ಮಣೆಯೋ ಸಣ್ಣ ಸ್ಟೂಲೋ ಇಟ್ಟುಕೊಂಡು ಕೂತರೆ ಒಳ್ಳೆಯದು.

ಪ್ರಶ್ನೆ: ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನಿನಿಂದ ಕಾಲು ಹೋಗುತ್ತದೆ ಅಂತಾರೆ. ನಿಜವಾ?
(ಅಂಗನವಾಡಿ ಕಾರ್ಯಕರ್ತೆ, ರಾಯಚೂರು)

ಉತ್ತರ: ತಪ್ಪು ಜಾಗಕ್ಕೆ ಚುಚ್ಚಿದರೆ ನಿಜ. ಒಂದು ಕಡೆಯ ಕುಂಡೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ. ಸಿಯಾಟಿಕ್ ನರ, ಮೈಯಲ್ಲೇ ಅತಿ ದಪ್ಪದ್ದು, ಒಳಬದಿ ಮತ್ತು ಕೆಳಭಾಗದಲ್ಲಿ ಹಾಯುತ್ತದೆ. ಮೇಲಿನ ಹೊರಗಿನ ಕಾಲುಭಾಗ ಮಾತ್ರ ಕ್ಷೇಮ. ಸೀರೆ ಸ್ವಲ್ಪವೇ ಜರುಗಿಸಿ ಸಿಕ್ಕ ಜಾಗಕ್ಕೆ ಚುಚ್ಚುವುದೇ ಇದರ ಮೂಲ. ನಾಚಿಕೆ ಬಿಟ್ಟು ಜಾಗ ಪೂರ್ತಿ ಕಾಣುವ ಹಾಗೆ ಮಾಡಿಕೊಡಿ ಅಂತ ಹೆಂಗಸರಿಗೆ ನೀವೇ ಹೇಳಬೇಕು. ಚುಚ್ಚಿದ ತಕ್ಷಣ ಕಾಲಿನುದ್ದಕ್ಕೂ ಮಿಂಚು ಹೊಡೆದ ಹಾಗಾದರೆ ಔಷಧಿ ತಳ್ಳದೆ ಸೂಜಿ ಹೊರತೆಗೆಯಬೇಕು. ಕೂಸುಗಳಿಗೆ ಅಲ್ಲಿ ಮಾಂಸವೇ ಇರುವುದಿಲ್ಲ. ಅದಕ್ಕೇ 6, 10, 14ನೇ ವಾರದ ಪೆಂಟಾವೇಲೆಂಟ್ ಲಸಿಕೆಯನ್ನು ತೊಡೆಯ ಮುಂಭಾಗದ ಹೊರಬದಿಗೆ ಕೊಡುವುದು. ನಿಮಗೆ ಇದು ಗೊತ್ತೇ ಇರುತ್ತದೆ, ತಾಯಂದಿರಿಗೆ ಹೇಳಲು ಅನುಕೂಲವಾಗಲಿ ಅಂತ ಬರೆದೆ.

ಪ್ರಶ್ನೆ: 78 ವರ್ಷದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಎದ್ದು ನಿಲ್ಲಲು ಆಗುತ್ತಿಲ್ಲ. ಎಣ್ಣೆ ಹಚ್ಚಿ ನೀವಿಸುತ್ತಿದ್ದೇವೆ. ಈ ವಯಸ್ಸಿನಲ್ಲಿ ಆಪರೇಷನ್ ಬೇಡ ಅಂತ ದೊಡ್ಡಪ್ಪ.
(ಓದುಗರು, ಶಿರಸಿ)

ಉತ್ತರ: ಪತ್ರ ಬಂದ ದಿನವೇ ಫೋನಿನಲ್ಲಿ ನಿಮಗೆ ಹೇಳಿಸಿದ್ದೇವೆ. ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಿದ್ದ ವಯಸ್ಸಾದವರನ್ನು ಮಲಗಿಸಿ ಎರಡು ಪಾದ ಜೋಡಿಸಿ ನೋಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದರೆ ತೊಡೆ ಮೂಳೆಯ ಮೇಲ್ತುದಿ ಮುರಿದಿದೆ ಅಂತಲೇ ಲೆಕ್ಕ. ನೀವುವುದು ನಿಲ್ಲಿಸಿ.

ಎಲ್ಲಿ ಮುರಿದಿದೆ ಅನ್ನುವುದರ ಮೇಲೆ ಚಿಕಿತ್ಸೆ ಬೇರೆ ಬೇರೆ. ತೊಡೆ ಮೂಳೆಯ ಗುಂಡು ತಲೆಗೆ ರಕ್ತ ಮುಖ್ಯವಾಗಿ ಕತ್ತಿನ ಮೇಲೆ ಅಂಟಿಕೊಂಡು ಏರುವ ಸಣ್ಣ ನಾಳಗಳಿಂದ ಬರುತ್ತದೆ. ಕತ್ತು ಮುರಿದು ಜರುಗಿದರೆ ಆ ನಾಳಗಳೂ ಹರಿಯುತ್ತವೆ, ತಲೆ ಸಾಯುತ್ತದೆ. ಸತ್ತ ತಲೆಗೆ ಮೊಳೆ ಹೊಡೆದು ಕಾಯುವುದಕ್ಕಿಂತ, ವಯಸ್ಸಾದವರಲ್ಲಿ ಅದನ್ನು ತೆಗೆದು ಲೋಹದ ತಲೆ ಕೂರಿಸುವುದೇ ಮೇಲು. ಮುರಿತ ಕತ್ತಿನ ಕೆಳಗೆ, ದಪ್ಪ ಗಂಟುಗಳ ಹತ್ತಿರ ಇದ್ದರೆ ಅಲ್ಲಿ ರಕ್ತ ಧಾರಾಳ, ರಾಡ್ ಹಾಕಿದರೆ ಕೂಡಿಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ರಾಡ್ ಹಾಕಿದರು, ನಮಗೆ ಯಾಕೆ ಗುಂಡು ಬದಲಿಸುತ್ತಾರೆ ಅಂತ ಕೇಳುವವರಿಗೂ ಇದೇ ಉತ್ತರ.

ದೊಡ್ಡಪ್ಪನವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆಪರೇಷನ್ ಇಲ್ಲದೆ ಮಲಗಿಸಿಟ್ಟರೆ ಕೆಲವೇ ವಾರದಲ್ಲಿ ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೇ ಪ್ರಾಣಕ್ಕೆ ಕುತ್ತು. ಮುರಿತಕ್ಕಿಂತ ಹಾಸಿಗೆ ಅಪಾಯ. ಬಿಪಿ, ಶುಗರ್, ಹಾರ್ಟ್ ನೋಡಿಕೊಂಡು ಒಂದೆರಡು ದಿನದೊಳಗೆ ಆಪರೇಷನ್ ಮಾಡಿ, ಮಾರನೇ ದಿನವೇ ವಾಕರ್ ಹಿಡಿದು ನಿಲ್ಲಿಸುವುದು ಈಗಿನ ಪದ್ಧತಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ಅಜ್ಜಿ ವಾಪಸ್ ಬರುವ ಮೊದಲೇ.

ಪ್ರಶ್ನೆ: ಬಸ್ ಕಂಡಕ್ಟರ್. ಮೀನಖಂಡದಲ್ಲಿ ನೀಲಿ ನರಗಳು ಉಬ್ಬಿ ಸುತ್ತಿಕೊಂಡಿವೆ. ನರ ದೋಷವಾ?
(ಓದುಗರು, ಹುಬ್ಬಳ್ಳಿ)

ಉತ್ತರ: ನಾವು ಮಾತಿನಲ್ಲಿ ನರ ಅನ್ನುತ್ತೇವೆ, ಆದರೆ ಇವು ರಕ್ತನಾಳ. ವೆರಿಕೋಸ್ ವೇನ್ಸ್. ಕಾಲಿನ ರಕ್ತ ಮೇಲೆ ಹತ್ತಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು, ಹತ್ತಿದ್ದು ಜಾರದಂತೆ ನಾಳದೊಳಗಿನ ಕವಾಟಗಳು ಮುಚ್ಚಬೇಕು. ನಿಂತೇ ಇದ್ದರೆ ಹಿಂಡುವಿಕೆ ಇಲ್ಲ, ಕವಾಟ ಸೋತು ರಕ್ತ ಕೆಳಗೆ ತುಂಬುತ್ತದೆ. ಒಳಗಣಕಾಲಿನ ಗಂಟಿನ ಮುಂದಿನಿಂದ ತೊಡೆಯವರೆಗೆ ಏರುವ ಉದ್ದದ ನಾಳವೇ ಹೆಚ್ಚಾಗಿ ಕೆಡುವುದು. ಬೈಪಾಸ್ ಮಾಡುವಾಗ ಹಾರ್ಟಿಗೆ ಕಸಿ ಮಾಡಲು ತೆಗೆಯುವುದೂ ಅದನ್ನೇ. ಹಾಗಾಗಿ ಅದಿಲ್ಲದೆಯೂ ಕಾಲು ನಡೆಯುತ್ತದೆ, ಆಳದಲ್ಲಿ ಬೇರೆ ನಾಳಗಳಿವೆ.

ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಹಿಮ್ಮಡಿ ಎತ್ತಿ ಇಳಿಸಿ. ಡಾಕ್ಟರು ಪಾದದ ನಾಡಿ ನೋಡಿ ಒಪ್ಪಿದರೆ ಬಿಗಿ ಕಾಲುಚೀಲವನ್ನು ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿ. ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗದೆ ಮಲಗಿ, ಕಾಲು ಎತ್ತಿ, ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯತೊಡಗಿದರೆ ಅದು ಬೇರೆಯದೇ ತೊಂದರೆ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತೊಡೆಯ ಹೊರಬದಿ ಉರಿ, ಅಂಗೈ ಅಗಲ ಜಾಗ ಮರಗಟ್ಟಿದ ಹಾಗೆ. ನಡೆಯಲು ತೊಂದರೆ ಇಲ್ಲ.
(ಗೃಹಿಣಿ, ಮೈಸೂರು)

ಉತ್ತರ: ಲಂಗದ ಲಾಡಿ ಸಡಿಲ ಮಾಡಿ. ತಮಾಷೆಯಲ್ಲ. ಸೊಂಟದ ಮುಂದಿನ ಮೂಳೆಯ ಪಕ್ಕದಲ್ಲೇ ತೊಡೆಯ ಹೊರಚರ್ಮಕ್ಕೆ ಹೋಗುವ ನರ ಹಾಯುತ್ತದೆ. ಲಾಡಿ, ಬೆಲ್ಟು, ಹೊಟ್ಟೆಯ ಬೊಜ್ಜು, ಬಸಿರು, ಯಾವುದು ಒತ್ತಿದರೂ ಉರಿ. ಅದು ಚರ್ಮದ ನರ ಮಾತ್ರ, ಸ್ನಾಯುವಿಗೆ ಹೋಗುವುದಿಲ್ಲ. ಅದಕ್ಕೇ ಕಾಲಿನ ಶಕ್ತಿ ಕಮ್ಮಿಯಾಗಿಲ್ಲ. ಶುಗರ್ ಒಮ್ಮೆ ನೋಡಿಸಿ.

ಪ್ರಶ್ನೆ: ಎಂಬಿಬಿಎಸ್ ಮೊದಲ ವರ್ಷ. ಕನ್ನಡ ಮೀಡಿಯಂನಿಂದ ಬಂದವಳು. ಕೈಕಾಲಿನ ನರ, ಸ್ನಾಯು, ರಕ್ತನಾಳದ ಹೆಸರುಗಳು ತಲೆಗೆ ನಿಲ್ಲುತ್ತಿಲ್ಲ ಸರ್. ಬಾಯಿಪಾಠ ಮಾಡಿದ್ದು ಮಾರನೇ ದಿನಕ್ಕೆ ಮರೆತುಹೋಗುತ್ತದೆ.
(ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಬಾಯಿಪಾಠ ಮರೆಯುವುದು ಸಹಜ. ಪುಸ್ತಕ ಓದುವ ಮೊದಲು ಈ ಪುಟದ ಪತ್ರಗಳನ್ನೇ ಇಟ್ಟುಕೊಳ್ಳಿ. ಬೀಡಿ ಕಟ್ಟುವವರ ಕೈ, ಪಾವಗಡದವರ ಪಾದ, ಶಿರಸಿಯ ಅಜ್ಜಿಯ ಕಾಲು. ಒಂದೊಂದಕ್ಕೂ "ಏನು ಕೆಟ್ಟಿದೆ, ಎಲ್ಲಿ, ಯಾಕೆ ಅಲ್ಲೇ" ಅಂತ ಕೇಳಿಕೊಂಡು ಆಮೇಲೆ ಆ ಅಧ್ಯಾಯ ತೆರೆಯಿರಿ. ಹೆಸರಿಗೆ ಒಂದು ಮನುಷ್ಯ ಸಿಕ್ಕರೆ ಅದು ನಿಲ್ಲುತ್ತದೆ. ಸ್ನಾಯುವಿನ ಹುಟ್ಟು, ತುದಿ ಅಂತ ಎಲ್ಲವನ್ನೂ ಒಂದೇ ತೂಕದಲ್ಲಿ ಓದಬೇಡಿ. ಮುಂದೋಳಿನ ಹಿಂಭಾಗದ ಸ್ನಾಯುಗಳ ಹೆಸರು ಸ್ವಲ್ಪ ಆಚೀಚೆ ಆದರೆ ಯಾರೂ ಸಾಯುವುದಿಲ್ಲ. ಬ್ರೇಕಿಯಲ್ ಆರ್ಟರಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಕಷ್ಟ.

ಇನ್ನೊಂದು, ನಿಮ್ಮ ಮೈಯನ್ನೇ ಮುಟ್ಟಿ ಕಲಿಯಿರಿ. ನಾಡಿ, ನರ, ಟೆಂಡನ್, ಎಲ್ಲ ಕೈಗೆ ಸಿಗುತ್ತವೆ. ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯಲ್ಲಿ ಮಂಡಿಯ ಹೊರಬದಿ ಸವರಿದರೆ ಪೆರೋನಿಯಲ್ ನರ ಚೆನ್ನಾಗಿ ಜಾರುತ್ತದೆ.

ಮಕ್ಕಳ ವಾರ್ಡಿಗೆ ಹೋದಾಗ ಉಪಯೋಗಕ್ಕೆ ಬರುವ ಒಂದು ಪರೀಕ್ಷೆ ಹೇಳುತ್ತೇನೆ. ಮುರಿದ ಕೈಯ ಮಗುವಿಗೆ "ಮಣಿಕಟ್ಟು ಎತ್ತು, ಬೆರಳು ಅಗಲಿಸು" ಅಂದರೆ ಕೇಳುವುದಿಲ್ಲ, ಅಳುತ್ತದೆ. ಕಲ್ಲು, ಕಾಗದ, ಕತ್ತರಿ ಆಟ ಆಡಿಸಿ. ಮುಷ್ಟಿ ಕಟ್ಟಿ ಕಲ್ಲು ಮಾಡಿದರೆ ಮೀಡಿಯನ್ ನರ ಕೆಲಸ ಮಾಡುತ್ತಿದೆ. ಮಣಿಕಟ್ಟು ಎತ್ತಿ ಬೆರಳು ಚಾಚಿ ಕಾಗದ ಮಾಡಿದರೆ ರೇಡಿಯಲ್. ಎರಡು ಬೆರಳು ಅಗಲಿಸಿ ಕತ್ತರಿ ಮಾಡಿದರೆ ಅಲ್ನಾರ್. ಕೊನೆಗೆ ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ "ಸೂಪರ್" ಅಂತ ಗುಂಡಗೆ ತೋರಿಸಲು ಹೇಳಿ. ತುದಿ ಗೆಣ್ಣು ಮಡಿಯದೆ ಬೆರಳುಗಳು ಚಪ್ಪಟೆಯಾಗಿ ಅಂಟಿಕೊಂಡರೆ ಮೀಡಿಯನ್ ನರದ ಒಳಕವಲು ಪೆಟ್ಟು ತಿಂದಿದೆ. ಮೊಣಕೈ ಮೇಲಿನ ಮುರಿತದಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಅದೇ. ಅದರಲ್ಲಿ ಚರ್ಮ ಜೋಮಾಗುವುದಿಲ್ಲ, ಆದ್ದರಿಂದ ಆಡಿಸಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ನೋಡಿದ್ದನ್ನು ಪ್ಲಾಸ್ಟರ್ ಹಾಕುವ ಮೊದಲೇ ಕೇಸ್ ಶೀಟಿನಲ್ಲಿ ಬರೆಯಿರಿ, ಟೈಮ್ ಹಾಕಿ.